ಜಿಡ್ಡುಮುಖ ಹೊತ್ತು ಹೆಣ್ಣು ನೋಡಲು ಹೋದದ್ದು

ತನ್ನ ಮುಖ ತನಗೆ ಕಾಣುವುದಿಲ್ಲ ಎನ್ನುವುದು ಮನುಷ್ಯನಿಗೆ ದೇವರು ಕೊಟ್ಟ ದೊಡ್ಡ ನೆಮ್ಮದಿ. ನನಗೆ ಆ ನೆಮ್ಮದಿಯೂ ಇಲ್ಲ. ಕಾಣದಿದ್ದರೂ ಅದರ ಜಿಡ್ಡು ಸದಾ ಗೊತ್ತಾಗುತ್ತಿರುತ್ತದೆ. ಬೆಳಿಗ್ಗೆ ತೊಳೆದು, ಒರೆಸಿ, ಯಲಹಂಕದ ಹಳೇ ಬೀದಿ ದಾಟಿ ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಮೂಗಿನ ಎರಡೂ ಪಕ್ಕ ಯಾರೋ ಒಗ್ಗರಣೆ ಹಾಕಿದ ಹಾಗಿರುತ್ತದೆ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಬೆರಳಿಗೆ ಅಂಟಿದ್ದನ್ನು ಕರ್ಚೀಫಿಗೆ ಒರೆಸಿ, ಅದೇ ಕರ್ಚೀಫನ್ನು ಮುಖಕ್ಕೆ ಒರೆಸಿ, ಮತ್ತೆ ಬೆರಳಿಟ್ಟು ನೋಡುತ್ತೇನೆ. ಎದುರಿಗಿರುವವರು ನನ್ನ ಕಣ್ಣು ಬಿಟ್ಟು ಹಣೆಯನ್ನೇ ನೋಡುತ್ತಿದ್ದಾರೆ ಅನ್ನಿಸಿತೋ ಮುಗಿಯಿತು, ಅವರು ಹೇಳಿದ್ದು ಒಂದೂ ತಲೆಗೆ ಹೋಗುವುದಿಲ್ಲ.

ಅಮ್ಮನ ಪ್ರಕಾರ ಇದು ತೊಂದರೆಯೇ ಅಲ್ಲ. "ಜಿಡ್ಡಲ್ಲ ಕಣೋ, ಕಳೆ ಅದು" ಎನ್ನುತ್ತಿದ್ದಳು. ಭಾನುವಾರ ಬಂತೆಂದರೆ ಹರಳೆಣ್ಣೆ ಬಿಸಿ ಮಾಡಿ ನನ್ನ ನೆತ್ತಿಗೆ ತಟ್ಟಿ, ಕೈಯಲ್ಲಿ ಮಿಕ್ಕಿದ್ದನ್ನು ಕೆನ್ನೆಗೆ ಬಳಿದು ತನ್ನ ಕೈ ಚೊಕ್ಕಟ ಮಾಡಿಕೊಳ್ಳುತ್ತಿದ್ದಳು. ನಾನು ಕದ್ದುಮುಚ್ಚಿ ಕಡಲೆಹಿಟ್ಟು ಹಚ್ಚಿದೆ, ಸೀಗೆಪುಡಿ ಹಚ್ಚಿ ಕಣ್ಣು ಕೆಂಪು ಮಾಡಿಕೊಂಡೆ, ಕೊನೆಗೆ ಬಟ್ಟೆಸೋಪನ್ನೂ ತಿಕ್ಕಿದೆ. ಸೋಪು ಹಾಕಿದ ಮೇಲೆ ಚರ್ಮ ಹಪ್ಪಳದ ಹಾಗೆ ಬಿಗಿದುಕೊಳ್ಳುತ್ತಿತ್ತು. ಆಹಾ, ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೊದಲಿಗಿಂತ ಧಾರಾಳವಾಗಿ ಎಣ್ಣೆ ಹೊರಡುತ್ತಿತ್ತು. ಆಫೀಸಿನ ಗೆಳೆಯನೊಬ್ಬ, "ಶಾಯಿ ಹೀರೋ ಬ್ಲಾಟಿಂಗ್ ಪೇಪರ್ ಎಣ್ಣೆ ಹೀರಲ್ವಾ ಗುರು?" ಎಂದ. ನ್ಯಾಯವಾದ ಮಾತು. ಮೇಜಿನ ಮೇಲಿದ್ದುದನ್ನೇ ಎತ್ತಿ ಹಣೆಗೆ ಒತ್ತಿಕೊಂಡೆ. ಸಾಹೇಬರು ಆಗಷ್ಟೇ ರುಜು ಮಾಡಿ ಒತ್ತಿದ್ದ ಕಾಗದ ಅದು. ಆ ದಿನ ಮಧ್ಯಾಹ್ನದವರೆಗೆ ನಾನು ಸಾಹೇಬರ ರುಜು ಬಿದ್ದ ಹಣೆಯಲ್ಲೇ ಓಡಾಡಿದೆ. ಒಬ್ಬರಾದರೂ ಹೇಳಬಾರದೇ!

ಇಂಥ ಮುಖ ಹೊತ್ತು ಹೆಣ್ಣು ನೋಡಲು ಹೋಗಬೇಕಾಗಿ ಬಂದದ್ದು ಏಳೆಂಟು ವರ್ಷದ ಹಿಂದೆ. ಅದಕ್ಕೆ ಮೊದಲು ಹೋದ ಕಡೆಯವರೆಲ್ಲ "ಆಮೇಲೆ ತಿಳಿಸ್ತೀವಿ" ಎಂದವರು ತಿಳಿಸಿರಲಿಲ್ಲ. ಜಾತಕ ಕೂಡಿರಲಿಕ್ಕಿಲ್ಲ ಎಂದು ಅಮ್ಮ, ಮುಖ ಕೂಡಲಿಲ್ಲವೆಂದು ನಾನು. ಈ ಸಲದ ಹುಡುಗಿ ಆರ್.ಟಿ. ನಗರದವಳು. ಫೋಟೋದಲ್ಲಿ ಅವಳು ನಗು ತಡೆದುಕೊಂಡ ರೀತಿ ನನಗೆ ಬಹಳ ಹಿಡಿಸಿತ್ತು. ಇದೂ ತಪ್ಪಿಹೋದರೆ ನಾನು ಬೇರೆ ಹೆಣ್ಣು ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿಕೊಂಡು ಅಮ್ಮನ ಜೊತೆ ಬಸ್ಸು ಹತ್ತಿದೆ. ಹೆಬ್ಬಾಳದ ಹತ್ತಿರ ಕಿಟಕಿಯಿಂದ ನುಗ್ಗಿದ ಧೂಳೆಲ್ಲ ನೇರವಾಗಿ ಬಂದು ನನ್ನ ಮುಖದ ಮೇಲೆ ಕೂತಿತು. ಅಂಟಿಕೊಳ್ಳುವುದಕ್ಕೆ ಅಷ್ಟು ಅನುಕೂಲವಾದ ಜಾಗ ಬಸ್ಸಿನಲ್ಲಿ ಬೇರೆ ಇರಲಿಲ್ಲ.

ಅವರ ಮನೆ ಸೇರಿದ ಕೂಡಲೇ ಕೈಕಾಲು ತೊಳೆಯಲು ಹಿತ್ತಲಿನ ಬಚ್ಚಲಿಗೆ ಕರೆದೊಯ್ದರು. ಹೊಸ ಸೋಪು ಇಟ್ಟಿದ್ದರು. ಚೆನ್ನಾಗಿ ತಿಕ್ಕಿ ತೊಳೆದು ಬಂದು ಕೂತೆ. ಹುಡುಗಿಯ ಅಪ್ಪ ಮಳೆ ಬೆಳೆ ಮಾತು ತೆಗೆದರು. ನನ್ನ ಬೆರಳು ಮೂಗಿನ ಪಕ್ಕಕ್ಕೆ ಹೋಯಿತು. ಬಂದಿತ್ತು! "ಒಂದ್ನಿಮಿಷ" ಎಂದು ಎದ್ದೆ. ತೊಳೆದು ಬಂದೆ. ಜಾತಕದ ಮಾತು ಬಂತು, ಮತ್ತೆ ಎದ್ದೆ. ಸಂಬಳದ ಮಾತು ಬಂತು, ಆಗಲೂ ಎದ್ದೆ. ಅವರ ಪಾಯಿಖಾನೆಯೂ ಬಚ್ಚಲಿನ ಪಕ್ಕದಲ್ಲೇ ಇದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಹಿಂತಿರುಗುವಾಗ ಅಡುಗೆಮನೆಯಲ್ಲಿ ಹುಡುಗಿಯ ಸೋದರಮಾವನ ಪಿಸುಮಾತು ಕೇಳಿಸಿತು. "ಭಾವ, ಹುಡುಗನಿಗೆ ಸಕ್ಕರೆ ಕಾಯಿಲೆ ಇರ್ಬೇಕು. ಇಲ್ಲಾಂದ್ರೆ ಯಾರ್ ಇಷ್ಟು ಸಲ ಹೋಗ್ತಾರೆ?" ಹೋಗಿ ಕೂರುವಷ್ಟರಲ್ಲಿ ಹುಡುಗಿಯ ಅಜ್ಜಿ ಒಂದು ಲೋಟ ತಂದು ಮುಂದೆ ಹಿಡಿದರು. "ಮಜ್ಜಿಗೆಗೆ ಮೆಂತ್ಯ ಹಾಕಿದೀನಿ ಕಣಪ್ಪ, ಕುಡಿ. ಹೊಟ್ಟೆ ಕಟ್ಟುತ್ತೆ."

"ಅಯ್ಯೋ, ಹೊಟ್ಟೆಗೇನೂ ಆಗಿಲ್ಲ, ಮುಖ ತೊಳಿಯಕ್ಕೆ ಹೋಗ್ತಾನಷ್ಟೆ" ಎಂದಳು ಅಮ್ಮ. ಸೋದರಮಾವ ನಂಬಲಿಲ್ಲ. ಮಗನ ಕಾಯಿಲೆ ಮುಚ್ಚಿಡುವ ತಾಯಿಯನ್ನು ನೋಡುವ ಹಾಗೆ ಅಮ್ಮನನ್ನು ನೋಡಿದರು. ನನಗೆ ಅಳು ಬರುವುದೊಂದು ಬಾಕಿ. ಎದ್ದು ಹೋಗಿ ಮುಖ ತೊಳೆಯಬೇಕೆನ್ನಿಸಿತು. ಆದರೆ ಅದೊಂದನ್ನು ಮಾತ್ರ ಈಗ ಮಾಡುವಂತಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ತಲೆ ಎತ್ತಿ ನೋಡಿದೆ. ಹಣೆ ಹೊಳೆಯುತ್ತಿತ್ತು, ಮೂಗು ಹೊಳೆಯುತ್ತಿತ್ತು, ಗಲ್ಲದ ಮೇಲೆ ಕಿಟಕಿಯ ಬೆಳಕು ಕುಣಿಯುತ್ತಿತ್ತು. ನನ್ನದೇ ಜಾತಿಯ ಮುಖ! ಅವಳಪ್ಪ ಶಾಸ್ತ್ರಕ್ಕೆಂದು, "ಹುಡುಗನ್ನ ಏನಾದ್ರೂ ಕೇಳ್ಬೇಕೇನಮ್ಮ?" ಎಂದರು. ಇಂಥ ಹೊತ್ತಿನಲ್ಲಿ ಹುಡುಗಿಯರು ಇಲ್ಲವೆಂದು ತಲೆಯಾಡಿಸುವುದೇ ರೂಢಿ. ಇವಳು ನನ್ನನ್ನೇ ನೋಡಿ ಕೇಳಿದಳು:

"ಸೋಪು ಏನಾದ್ರೂ ಉಳಿಸಿದೀರಾ? ಆವಾಗ್ಲಿಂದ ಮುಖ ತೊಳ್ಕೊಳ್ಳೋಣಾಂತ ಹಿತ್ತಲ ಬಾಗ್ಲ ಮರೇಲಿ ಕಾಯ್ತಾ ನಿಂತಿದ್ದೆ. ನೀವು ಬಿಡ್ಲೇ ಇಲ್ಲ."

ಅಜ್ಜಿ ಮೊದಲು ನಕ್ಕರು. ಸೋದರಮಾವ ಬಚ್ಚಲಿಗೇ ಹೋಗಿ, ಎಲೆಯಷ್ಟು ತೆಳ್ಳಗಾಗಿದ್ದ ಸೋಪನ್ನು ನೋಡಿಕೊಂಡು ಬಂದ ಮೇಲೆ ಅವರೂ ನಕ್ಕರು. ನನಗೆ ಅಂದಿನಷ್ಟು ಸಂತೋಷ ಮತ್ತೆಂದೂ ಆಗಿಲ್ಲ.

ಮದುವೆಯಾದ ಮೇಲೆ ಇಬ್ಬರೂ ಜೊತೆಯಾಗಿ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ನಮ್ಮ ತೊಳೆಯುವ ಕಥೆ ಕೇಳಿ ತಲೆ ಚಚ್ಚಿಕೊಂಡರು. "ಇರೋ ಎಣ್ಣೆಯೆಲ್ಲಾ ಉಜ್ಜಿ ತೆಗೆದ್ರೆ ಚರ್ಮ ಸುಮ್ನಿರುತ್ತೇನ್ರೀ? ಒಣಗಿಹೋಯ್ತು ಅಂತ ಇನ್ನಷ್ಟು ಸುರಿಸುತ್ತೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಮೆತ್ತಗಿನ ಸೋಪಲ್ಲಿ ತೊಳೀರಿ. ಮಧ್ಯೆ ಕೈ ಕಟ್ಕೊಂಡು ಕೂತ್ಕೊಳ್ಳಿ." ಹೆಂಡತಿ ಹಾಗೇ ಮಾಡಿದಳು, ಅವಳ ಮುಖ ತಿಳಿಯಾಯಿತು. ನನಗೆ ಕೈ ಕಟ್ಟುವುದೊಂದೇ ಆಗಲಿಲ್ಲ.

ಹೋದ ಭಾನುವಾರ ಗಟ್ಟಿ ಮನಸ್ಸು ಮಾಡಿದೆ. ಬೆಳಿಗ್ಗೆ ಒಮ್ಮೆ ತೊಳೆದವನು ಕುರ್ಚಿಯಲ್ಲಿ ಕೂತುಬಿಟ್ಟೆ. ಪೇಪರು ಓದಿದೆ, ರೇಡಿಯೋ ಕೇಳಿದೆ, ಕಾಲು ಕುಣಿಸಿದೆ, ಅಂಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಬಚ್ಚಲ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಅಡುಗೆಮನೆಯಿಂದ ಬಂದು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಅವಳ ಮುಖ ಆತಂಕದಿಂದ ಸಣ್ಣಗಾಗಿತ್ತು.

"ಏನ್ರೀ, ಬೆಳಿಗ್ಗೆಯಿಂದ ಹಿತ್ತಲ ಕಡೆ ಹೋಗೇ ಇಲ್ವಲ್ಲ, ಹೊಟ್ಟೆ ಕಟ್ಟಿದ್ಯಾ?"

ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಪಾಪ, ಅವಳಿಗೆ ಸಮಾಧಾನವಾಯಿತು.