ಡಾ. ಸತ್ಯಾತ್ಮ ಅವರ ನಾಲ್ಕನೆಯ ತರಗತಿ

ಪೆರುಂಗುಡಿಯ ಮಾನವ ಬಂಡವಾಳ ಅಧ್ಯಯನ ಸಂಸ್ಥೆಯ ಹಿರಿಯ ಅರ್ಥಶಾಸ್ತ್ರಜ್ಞ ಡಾ. ಸತ್ಯಾತ್ಮ ಅವರು ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ನಾಲ್ಕನೆಯ ತರಗತಿಗೆ ಸೇರಿದರು. ಎಲ್ಲವೂ ನಿಯಮಾನುಸಾರವೇ ನಡೆಯಿತು.

ಜನ ಶಾಲೆಯಲ್ಲಿ ಕಳೆಯುವ ಪ್ರತಿ ವರ್ಷವೂ ನಾಡಿನ ಬೆಳವಣಿಗೆಯನ್ನು ಇಂತಿಷ್ಟು ಹೆಚ್ಚಿಸುತ್ತದೆಂದು ಮೂವತ್ತೊಂದು ವರ್ಷ ಸಂಶೋಧಿಸಿ ತೋರಿಸಿದವರು ಅವರೇ. ಸಮಗ್ರ ವರದಿಗೆ ಸಹಿ ಹಾಕಿ ನಿವೃತ್ತರಾಗುವುದಷ್ಟೇ ಬಾಕಿಯಿತ್ತು. ಅಷ್ಟರಲ್ಲಿ ನಿರ್ದೇಶಕ ತಿರುಮಲ ಸುತ್ತೋಲೆ ಹೊರಡಿಸಿದರು: ಸಹಿ ಹಾಕುವವರ ಶಾಲಾ ವರ್ಷಗಳಲ್ಲಿ ಕೊರತೆ ಇರಕೂಡದು. ಕಡತ ತೆಗೆದು ನೋಡಿದರೆ, ಸತ್ಯಾತ್ಮ ಜಾಣ ಹುಡುಗನೆಂದು ಡಬಲ್ ಪ್ರಮೋಷನ್ ಕೊಟ್ಟು ಮೂರರಿಂದ ಐದಕ್ಕೆ ದಾಟಿಸಿದ್ದರು.

"ಆಮೇಲೆ ಪಿಎಚ್.ಡಿ. ಮಾಡಿದ್ದೀನಲ್ಲ ಸರ್?"

"ಒಂದು ವರ್ಷ ತಪ್ಪಿದರೂ ನಷ್ಟ ಅಂತ ನೀವೇ ನಲವತ್ತನೆಯ ಪುಟದಲ್ಲಿ ಬರೆದಿದ್ದೀರಿ."

ಸತ್ಯಾತ್ಮ ನಲವತ್ತನೆಯ ಪುಟ ನೋಡಿದರು. ಬರೆದಿದ್ದರು.

ಅಣ್ಣಾ ನಗರ್‌ನ ಮನೆಯಲ್ಲಿ ಹೆಂಡತಿ ವೃಂದಾ ಸಮಾಧಾನ ಹೇಳಿದರು. "ಚುಮ್ಮಾ, ಸುಮ್ನೆ ಹೋಗ್ಬಿಟ್ಟು ಬನ್ನಿ. ಹತ್ತಕ್ಕೆ ಹೊರಡೋರು ಎಂಟಕ್ಕೆ ಹೊರಡ್ತೀರಿ, ಅಷ್ಟು ತಾನೇ?"

ಶಾಲೆಯಲ್ಲಿ ಅವರ ಎತ್ತರ ಗಮನಿಸಿ ಹಿಂದಿನ ಬೆಂಚು ಕೊಟ್ಟರು. ಪಕ್ಕದಲ್ಲಿ ತೃಪ್ತಿ ಎಂಬ ಒಂಬತ್ತರ ಹುಡುಗಿ. ಮೂರು ವರ್ಷ ತಪ್ಪದೆ ಶಾಲೆಗೆ ಬಂದಿದ್ದಳು. ಭಾಗಾಕಾರ ಮಾತ್ರ ಬರುತ್ತಿರಲಿಲ್ಲ. ಸತ್ಯಾತ್ಮ ಊಟದ ಬಿಡುವಿನಲ್ಲಿ ತಮ್ಮ ಡಬ್ಬಿಯ ಇಡ್ಲಿಗಳನ್ನೇ ಹಂಚಿ ಹಂಚಿ ಹೇಳಿಕೊಟ್ಟರು. ಎಂಟನೆಯ ದಿನ ಅವಳು "ಅಂಕಲ್, ವಂದುಡ್ಚು!", ಬಂದುಬಿಡ್ತು, ಎಂದು ತಮಿಳಿನಲ್ಲಿ ಕೂಗಿ ಬೆಂಚಿನ ಮೇಲೆ ಹಾರಿದಳು. ಅಷ್ಟು ಸಂತೋಷ ಅವರಿಗೆ ಯಾವ ಅಂಕಿ-ಅಂಶದಿಂದಲೂ ಆಗಿರಲಿಲ್ಲ.

ಮರುದಿನವೇ ಸತ್ಯಾತ್ಮ ನಿರ್ದೇಶಕರ ಬಳಿಗೆ ಓಡಿದರು. "ಸರ್, ಶಾಲೆಯಲ್ಲಿ ಕೂತದ್ದೇ ಬೇರೆ, ಕಲಿತದ್ದೇ ಬೇರೆ. ನಾನು ಕೂತದ್ದನ್ನಷ್ಟೇ ಎಣಿಸಿದ್ದೀನಿ. ವರದಿ ತಿದ್ದಬೇಕು."

"ನಾಲ್ಕನೆಯ ತರಗತಿಯ ವಿದ್ಯಾರ್ಥಿಗಳಿಗೆ ವರದಿ ತಿದ್ದುವ ಅಧಿಕಾರವಿಲ್ಲ," ಎಂದು ತಿರುಮಲ ವಿಷಾದ ವ್ಯಕ್ತಪಡಿಸಿದರು.

ವರ್ಷಾಂತ್ಯಕ್ಕೆ ತೃಪ್ತಿ ಐದಕ್ಕೆ ಹೋದಳು. ಸತ್ಯಾತ್ಮ ಹೋಗಲಿಲ್ಲ. ಮಕ್ಕಳು ತಪ್ಪದೆ ಶಾಲೆಗೆ ಬರಬೇಕಾದ ಅಗತ್ಯ ಕುರಿತ ವಿಚಾರಸಂಕಿರಣಗಳಿಗೆ ಅವರು ಪದೇ ಪದೇ ದೆಹಲಿಗೆ ಹೋಗಬೇಕಾಗಿ, ಹಾಜರಾತಿ ಸಾಲದಾಗಿತ್ತು. ಇನ್ನೊಂದು ವರ್ಷ ಅಲ್ಲೇ ಕೂರಬೇಕೆಂದಾಯಿತು. ಸಂಸ್ಥೆ ಇದನ್ನು ಹೆಚ್ಚುವರಿ ಬೆಳವಣಿಗೆ ಎಂದು ಪರಿಗಣಿಸಿ ಅಭಿನಂದನಾ ಪತ್ರ ಕಳಿಸಿತು.

ವರದಿ ಕಾಯುವಂತಿರಲಿಲ್ಲ. ಸಿಬ್ಬಂದಿಯಲ್ಲಿ ಅತಿ ಹೆಚ್ಚು ಶಾಲಾ ವರ್ಷ ಹೊಂದಿದವರನ್ನು ಹುಡುಕಿದಾಗ, ಎಂಟು, ಒಂಬತ್ತು, ಹತ್ತು ಈ ಮೂರೂ ತರಗತಿಗಳಲ್ಲಿ ಮೂರು ಮೂರು ವರ್ಷ ಕೂತಿದ್ದ ಡ್ರೈವರ್ ಬಾಬು ಆಯ್ಕೆಯಾದರು.

"ಅಷ್ಟು ವರ್ಷ ಕೂತರೂ ನಂಗೇನೂ ತಲೆಗೆ ಹತ್ಲಿಲ್ಲ ಸರ್," ಎಂದರು ಬಾಬು, ಪ್ರಾಮಾಣಿಕವಾಗಿ.

"ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ," ಎಂದರು ತಿರುಮಲ.

ಬಾಬು ಸಹಿ ಹಾಕಿದರು. ವರದಿ ಬಿಡುಗಡೆಗೆ ಸೇರಿದ್ದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡಾ. ಸತ್ಯಾತ್ಮ ಅವರಿಗೆ ಬರಲಾಗಲಿಲ್ಲ; ತರಗತಿಯಲ್ಲಿ ಪ್ರಶ್ನೆ ಹೆಚ್ಚು ಕೇಳುತ್ತಾರೆಂದು ಶಾಲೆಯವರು ಅಂದೇ ಮನೆಯವರನ್ನು ಕರೆತರಲು ಹೇಳಿದ್ದರು. ವೃಂದಾ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿ, ಗಂಡ ಇನ್ನು ಮುಂದೆ ಪ್ರಶ್ನೆ ಕೇಳುವುದಿಲ್ಲವೆಂದು ಬರೆದುಕೊಟ್ಟು ಬಂದರು.