ಸರಸ್ವತಿ ಪಟದ ಹಿಂದೆ

ಗ್ರಹಚಾರ ಬಂದದ್ದು ಟಪಾಲಿನಲ್ಲಿ. ಸ್ವಾತಂತ್ರ್ಯ ಬಂದು ಐದು ವರ್ಷವಾಗಿತ್ತು. ಸರ್ಕಾರಿ ದುಡ್ಡಿನ ಶಾಲೆಯೊಳಗೆ ಇನ್ನು ಪೂಜೆ, ದೇವರ ಪಟ, ಭಜನೆ ಯಾವುದೂ ಕೂಡದೆಂದು ಮೇಲಿನ ಆಫೀಸಿನಿಂದ ಸುತ್ತೋಲೆ. ಅದರ ಬಾಲ ಹಿಡಿದೇ ಇನ್ನೊಂದು ಕಾಗದ: ಗುರುವಾರ ಇನ್‌ಸ್ಪೆಕ್ಟರ್ ವೃಷಭೇಂದ್ರಪ್ಪನವರ ತನಿಖೆ.

ಆಗಿನ್ನೂ ಮದರಾಸಿಗೆ ಸೇರಿದ್ದ ಹನೂರಿನಾಚೆಯ ಹಳ್ಳಿಯೊಂದರಲ್ಲಿ ಶಿವರತ್ನಮ್ಮ ಆರು ವರ್ಷದಿಂದ ಹಂಗಾಮಿ ಮೇಷ್ಟ್ರಮ್ಮ. ಈ ಸಲದ ವರದಿ ಚೆನ್ನಾಗಿ ಬಂದರೆ ಕೆಲಸ ಕಾಯಂ. ಇಲ್ಲವಾದರೆ ಅಣ್ಣನ ಮನೆಯ ಒಲೆ ಕಾಯಂ.

ಗುರುವಾರ ಬೆಳಿಗ್ಗೆ ಕೆನ್ನೆ ಬಡಿದುಕೊಂಡು, "ತಪ್ಪಾಯ್ತು ತಾಯಿ" ಎನ್ನುತ್ತ ಗೋಡೆಯ ಸರಸ್ವತಿ ಪಟ ಇಳಿಸಿದಳು. ನೋಡಿದರೆ, ಪಟದ ಹಿಂದೆ ಗೋಡೆಯೇ ಇಲ್ಲ! ಮೊರದಗಲದ ಕಿಂಡಿ. ಶಾಲೆ ನಡೆಯುತ್ತಿದ್ದುದು ಮಾದಪ್ಪನ ಗುಡಿಗೆ ಅಂಟಿದ ಪಡಸಾಲೆಯಲ್ಲಿ. ಹಿಂದಿನ ಮೇಷ್ಟ್ರು ಕಿಂಡಿ ಮುಚ್ಚಲೆಂದೇ ಪಟ ತೂಗಿದ್ದರು. ಈಗ ದೀಪದ ಬೆಳಕಿನಲ್ಲಿ ಮಾದಪ್ಪ ನೇರವಾಗಿ ಒಂದನೇ ಕ್ಲಾಸನ್ನೇ ನೋಡುತ್ತಿದ್ದ.

ಎದುರುಮನೆಯ ದೊಡ್ಡಬಸಮ್ಮ ಇಣುಕಿದಳು. "ಅಯ್ ಸಿವನೇ! ಕುಂತಲ್ಲೇ ದರ್ಸನ ಆಯ್ತದೆ, ಬನ್ರವ್ವಾ!"

ಅರ್ಧ ಗಳಿಗೆಯಲ್ಲಿ ಶಾಲೆಯ ತುಂಬ ಹೆಂಗಸರು, ಮಕ್ಕಳು ಬಿಸಿಲಲ್ಲಿ.

"ಎದ್ದು ಹೋಗಿ ಅಮ್ಮಾ, ನನ್ನ ಕೆಲಸ ಹೋಗುತ್ತೆ."

"ಪಟ ಇಳ್ಸಿ ಮಾದಪ್ಪನ್ನ ತೋರ್ಸಿದವ್ಳು ನೀನೇ. ಈಗ ಏಳಿ ಅಂದ್ರೆ?"

ಅಷ್ಟರಲ್ಲಿ ಪೂಜಾರಿ ನಾಗಯ್ಯನ ಮುಖ, ಬೇಲಿಯಾಚೆಯ ಕರುವಿನಂತೆ, ಕಿಂಡಿಯಲ್ಲಿ ಮೂಡಿತು. "ಒಳ್ಳೇದಾಯ್ತು ಬುಡಿ ಮೇಷ್ಟ್ರಮ್ಮ. ಮದ್ಯಾನದ ಮಂಗ್ಳಾರ್ತಿ ಮಕ್ಳಿಗೆ ಇಲ್ಲಿಂದ್ಲೇ ಕೊಡ್ತೀನಿ."

"ಇವತ್ತೊಂದಿನ ಬೇಡಿ ನಾಗಯ್ಯನೋರೇ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲು ಈ ಕಡೀಕವೆ, ಎಂಗ್ ಬಿದ್ದೀರಿ?"

ಹೆಂಗಸರನ್ನು ಬೇಡಿ, ಗದರಿ, ಕೊನೆಗೆ ಅತ್ತು ಹೊರಗೆ ಕಳಿಸಿ, ಶಿವರತ್ನಮ್ಮ ಕಿಂಡಿಯ ಮೇಲೆ ಮದರಾಸಿನ ಭೂಪಟ ತೂಗಿ, ಸುತ್ತೋಲೆಯನ್ನು ಎದ್ದು ಕಾಣುವಂತೆ ಮೇಜಿನ ಮೇಲಿಟ್ಟಳು.

ಹನ್ನೆರಡಕ್ಕೆ ಇನ್‌ಸ್ಪೆಕ್ಟರು ಬಂದರು. ನಾಲ್ಕೂ ಗೋಡೆ ನೋಡಿದರು. "ಶಭಾಷ್! ದೇವರಿಲ್ಲ, ಭೂಪಟವಿದೆ. ಶಾಲೆ ಅಂದರೆ ಇದು. ನಿಮ್ಮಂಥವರು ಕಾಯಂ ಆಗಬೇಕಮ್ಮ" ಎಂದು ಪೆನ್ನು ಬಿಚ್ಚಿದರು.

ಆರು ವರ್ಷ ಕಟ್ಟಿದ್ದ ಉಸಿರನ್ನು ಆಕೆ ಬಿಡುವಷ್ಟರಲ್ಲಿ ಗುಡಿಯ ಗಂಟೆ ಢಣಢಣ ಎಂದಿತು. ಭೂಪಟ ಮಳೆಗಾಲದ ಕಪ್ಪೆಯ ಗಂಟಲಂತೆ ಉಬ್ಬಿತು. ಕೊಯಮತ್ತೂರಿನಲ್ಲಿ ಹೊಗೆ ಕಾಣಿಸಿತು. ನೀಲಗಿರಿಯನ್ನು ಸೀಳಿಕೊಂಡು ಉರಿಯುವ ಕರ್ಪೂರದ ತಟ್ಟೆ ಹಿಡಿದ ಕೈಯೊಂದು ಹೊರಬಂತು.

"ಮಕ್ಳೇ, ತಕಳ್ರಪ್ಪಾ!"

"ಉಘೇ ಮಾದಪ್ಪಾ, ಉಘೇ!" ಮಕ್ಕಳು ಸೂರು ಹಾರಿಸಿದವು.

ಶಿವರತ್ನಮ್ಮ ಕಣ್ಣು ಮುಚ್ಚಿದಳು. ತೆರೆದಾಗ ಇನ್‌ಸ್ಪೆಕ್ಟರು ಮೆಟ್ಟು ಕಳಚಿ, ಮಕ್ಕಳನ್ನೆಲ್ಲ ಹಿಂದಕ್ಕೆ ಸರಿಸಿ, ಸಾಲಿನ ಮೊದಲಿಗೆ ನಿಂತಿದ್ದರು. ಆರತಿಯನ್ನು ಮೂರು ಸಲ ಕಣ್ಣಿಗೊತ್ತಿಕೊಂಡರು. ಹಣೆತುಂಬ ವಿಭೂತಿ ಬಳಿದುಕೊಂಡರು. "ನಮ್ಮ ಮನೆದೇವರು ಕಣಮ್ಮ" ಎಂದರು. ಮನೆಯವರಿಗೂ ಒಂದಿಷ್ಟು ಬೇಕೆಂದು, ಮೇಜಿನ ಮೇಲೆ ಸಿಕ್ಕಿದ ಕಾಗದದಲ್ಲಿ ವಿಭೂತಿ ಕಟ್ಟಿ ಜೇಬಿಗಿಟ್ಟರು.

ಇನ್ನು ಭಯವಿಲ್ಲ, ಮಾದಪ್ಪನೇ ಕೈ ಹಿಡಿದ ಎಂದುಕೊಂಡಳು ಶಿವರತ್ನಮ್ಮ. ಅವರು ಕೂತು ವರದಿ ಬರೆದು, ಪ್ರತಿಯನ್ನು ಆಕೆಯ ಕೈಗಿಟ್ಟು ಗಾಡಿ ಹತ್ತಿದರು. ಅಂಚಿನಲ್ಲಿ ವಿಭೂತಿಯ ಬೆರಳಚ್ಚಿದ್ದ ಆ ಹಾಳೆಯನ್ನು ಆಕೆ ಓದಿದಳು:

"ಶಾಲೆಯ ವೇಳೆಯಲ್ಲಿ ಪೂಜೆ ನಡೆದದ್ದನ್ನು ಖುದ್ದು ಕಣ್ಣಾರೆ ಕಂಡಿದ್ದೇನೆ. ಉಪಾಧ್ಯಾಯಿನಿಯನ್ನು ಕಾಯಂ ಮಾಡತಕ್ಕದ್ದಲ್ಲ. ಸುತ್ತೋಲೆಯ ಪ್ರತಿ ಹುಡುಕಲಾಗಿ, ಅದೂ ಶಾಲೆಯಲ್ಲಿ ಸಿಗಲಿಲ್ಲ."