ಮೂರನೇ ಗೇರಿನ ಮುಗ್ಗರಿಕೆ

ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಕಾರು ಗಕ್ಕನೆ ಮುಗ್ಗರಿಸುತ್ತದೆ ಎಂದು ನಂಜುಂಡಪ್ಪನವರು ಬಂದು ನಿಂತಾಗ, ದಯಾನಂದ ಇನ್ನೂ ಗ್ಯಾರೇಜಿನ ಮುಂದೆ ನೀರು ಚಿಮುಕಿಸುತ್ತಿದ್ದ. ಚೊಂಬು ಕೈಯಲ್ಲೇ ಉಳಿಯಿತು.

ಬಿಳಿಗೆರೆ ಹಾದಿಯ ಆ ಗ್ಯಾರೇಜಿನಲ್ಲಿ ಅವನು ಬಿಚ್ಚಿ ಜೋಡಿಸಿದ ಮೊದಲ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅದು. ಅಂಥದ್ದು ಕೆಟ್ಟರೆ ಸುತ್ತಿನವರೆಲ್ಲ ತುಮಕೂರಿಗೆ ಓಡುತ್ತಿದ್ದರು. ನಂಜುಂಡಪ್ಪನವರು ಮಾತ್ರ, ಗೇರ್‌ಬಾಕ್ಸ್ ಹೋಗಿ ಮೂಲೆಗೆ ನಿಂತಿದ್ದ ಕಾರೊಂದನ್ನು ಕೊಂಡು, ನಮ್ಮೂರಿನವನೇ ಮಾಡಲಿ ಎಂದು ದಯಾನಂದನ ಕೈಗಿಟ್ಟಿದ್ದರು. ಚೆನ್ನಾಗಿ ಓಡಿದರೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲೆಲ್ಲ ಅವರೇ ಹೇಳಿ ಬರುತ್ತಾರೆ. ಓಡದಿದ್ದರೆ ಅದನ್ನೂ ಅವರೇ ಹೇಳಿ ಬರುತ್ತಾರೆ.

"ಸಂಜೆ ಒಳಗೆ ಸರಿ ಮಾಡ್ಲಾ. ಆಗ್ಲಿಲ್ಲ ಅಂದ್ರೆ ಬುಡು, ನಾಳೆ ತುಮಕೂರಿಗೆ ತಗಂಡೋಗ್ತೀನಿ," ಎಂದರು.

ದಯಾನಂದ ತಾನೇ ಕೂತು ಕೆರೆ ಏರಿಯವರೆಗೆ ಓಡಿಸಿ ನೋಡಿದ. ಕಾರು ಹದವಾಗಿ ಕಾದ ಹೆಂಚಿನ ಮೇಲೆ ಬೆಣ್ಣೆ ಜಾರಿದ ಹಾಗೆ ಹೋಯಿತು. ವಾಪಸು ಬರುವಾಗ ನಂಜುಂಡಪ್ಪನವರು ಓಡಿಸಿದರು. ಮೂರನೇ ಗೇರು ಬರುವ ಹೊತ್ತಿಗೆ ಸರಿಯಾಗಿ ಗಕ್ ಎಂದಿತು. ದಯಾನಂದನ ಹಣೆ ಮುಂದಿನ ಗಾಜಿಗೆ ತಾಗಿತು. ಮತ್ತೆ ಅವನು ಕೂತ, ಬೆಣ್ಣೆ. ಮತ್ತೆ ಅವರು ಕೂತರು, ಗಕ್. ಅಮ್ಮನ ಸೊಂಟದ ಮೇಲೆ ಜಾಣನಾಗಿದ್ದು, ಅಪ್ಪ ಎತ್ತಿಕೊಂಡ ಕೂಡಲೇ ಹಟ ಹಿಡಿಯುವ ಮಗುವಿನ ಹಾಗಿತ್ತು ಅದರ ವರಸೆ.

ದಯಾನಂದ ಸ್ಕ್ಯಾನರ್ ಹಾಕಿದ. ದೋಷವೇ ಇಲ್ಲ ಎಂದಿತು. ಆಯಿಲ್ ತೆಗೆದು ಬೆರಳಲ್ಲಿ ಉಜ್ಜಿದ, ಮೂಸಿದ. ಸುಟ್ಟ ವಾಸನೆಯಿಲ್ಲ. ಹಿಂದಿನ ಸೀಟಿನಲ್ಲಿ ಬಗ್ಗಿ, ಕಿವಿಯನ್ನು ಕಾರಿನ ನೆಲಕ್ಕಾನಿಸಿ, ಅವರು ಓಡಿಸುವಾಗ ಆಲಿಸಿದ. ಗಕ್ ಒಂದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಕೊನೆಗೆ ಬಾಕ್ಸಿನ ತಳ ಬಿಚ್ಚಲು ಕಾರಿನಡಿ ಮಲಗಿದ.

ಅಷ್ಟು ಹೊತ್ತಿಗೆ ಕೊಬ್ಬರಿ ವ್ಯಾಪಾರದ ಕರಿಬಸವಯ್ಯ ಬಂದರು. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಒಣಗಿಸಿದ ತೆಂಗಿನಕಾಯಿಯನ್ನು ಕುಟ್ಟಿ ನೋಡಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರೂ ಬಗ್ಗಿ, ಬೆರಳ ಗೆಣ್ಣಿನಿಂದ ಗೇರ್‌ಬಾಕ್ಸನ್ನು ಕುಟ್ಟಿ, ಕಣ್ಣು ಮುಚ್ಚಿ ಕಿವಿಗೊಟ್ಟರು.

"ಒಳಗಿನ್ನೂ ನೀರೈತೆ ಕಣಪ್ಪ. ಇನ್ನೊಂದಷ್ಟು ದಿನ ಅಟ್ಟದ ಮೇಲೆ ಇರ್ಬೇಕಿತ್ತು."

"ಅದು ಆಯಿಲ್ಲು ಕಣಣ್ಣ," ಎಂದ ದಯಾನಂದ ಕೆಳಗಿನಿಂದ.

"ಅದನ್ನೇ ನಾನೂ ಹೇಳಿದ್ದು."

ಎದುರಿನ ಟೀ ಅಂಗಡಿಯ ರಾಮಕ್ಕನಿಗೆ ಇದು ದೃಷ್ಟಿಯಲ್ಲದೆ ಬೇರೇನೂ ಅಲ್ಲ ಎಂದು ಖಚಿತವಾಗಿತ್ತು. ಯಾರ ಅಪ್ಪಣೆಗೂ ಕಾಯದೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಬಂಪರಿಗೆ ಕಟ್ಟಿಹೋದಳು. ದಯಾನಂದ ಎಲ್ಲವನ್ನೂ ತೊಳೆದು, ಜೋಡಿಸಿ, ಹೊಸ ಆಯಿಲ್ ತುಂಬಿದ. ನಂಜುಂಡಪ್ಪನವರು ಓಡಿಸಿದರು. ಗಕ್ ಎಂದಿತು. ನಿಂಬೆಹಣ್ಣು ಉದುರಿತು.

ಕರಿಬಸವಯ್ಯ ಮನೆಗೆ ಹೋಗಿರಲಿಲ್ಲ. ಹಿಂದೆ ಭಾರ ಸಾಲದು, ಅದಕ್ಕೇ ಮೂತಿ ಕುಕ್ಕುತ್ತದೆ ಎಂದು ತೀರ್ಪು ಕೊಟ್ಟು, ಹಿಂದಿನ ಸೀಟಿಗೆ ತೆಂಗಿನಕಾಯಿ ಮೂಟೆಗಳನ್ನು ಹೇರಿಸಿಯೇಬಿಟ್ಟರು. ದಯಾನಂದನಿಗೆ ಬೇಡ ಎನ್ನುವಷ್ಟು ತ್ರಾಣವೂ ಉಳಿದಿರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಎಂದು ರಾಮಕ್ಕ ಕೈಗೆ ಕೊಟ್ಟ ಟೀ ಲೋಟ ಹಿಡಿದುಕೊಂಡೇ, ಓಡಿಸುತ್ತಿದ್ದ ನಂಜುಂಡಪ್ಪನವರ ಪಕ್ಕ ಕೂತ.

ಗಕ್. ಮೂಟೆ ಬಾಯಿ ಬಿಚ್ಚಿಕೊಂಡು ಕಾಯಿಗಳು ಭುಜದ ಮೇಲಿಂದ ಮುಂದಕ್ಕೆ ಬಂದವು. ಟೀ ನಂಜುಂಡಪ್ಪನವರ ಪಂಚೆಯ ಮೇಲೆ ಹೋಯಿತು. ಅವರು ಹಾ ಎಂದು ಪಂಚೆಯನ್ನು ಮಂಡಿಯ ಮೇಲಕ್ಕೆ ಎಳೆದುಕೊಂಡು, ಕಾರನ್ನು ಮತ್ತೆ ಮುಂದಕ್ಕೆ ಬಿಟ್ಟರು.

ಬೆಳಿಗ್ಗೆಯಿಂದ ಪರದೆಯಂತೆ ಇಳಿಬಿದ್ದಿದ್ದ ಪಂಚೆ ಸರಿದದ್ದೇ ದಯಾನಂದನಿಗೆ ಅವರ ಕಾಲುಗಳು ಕಂಡವು. ಬಲಗಾಲು ಆಕ್ಸಿಲರೇಟರ್ ಮೇಲಿತ್ತು. ಎಂಜಿನ್ ಸದ್ದು ಮೂರನೇ ಗೇರು ಕೇಳುವಷ್ಟು ಏರಿತು. ಏರಿದ್ದೇ ತಡ, ಯಾರೋ ಕರೆದಂತೆ ಎಡಗಾಲು ತಾನಾಗಿ ಎದ್ದು, ಆಟೋಮ್ಯಾಟಿಕ್ ಕಾರಿನಲ್ಲಿ ಇಲ್ಲವೇ ಇಲ್ಲದ ಕ್ಲಚ್ಚನ್ನು ಹುಡುಕಿ, ಅಗಲವಾದ ಬ್ರೇಕನ್ನೇ ಕ್ಲಚ್ಚೆಂದು ಬಲವಾಗಿ ತುಳಿಯಿತು. ಗಕ್. ಪ್ರಾಯದಿಂದ ಜೀಪು, ಟ್ರ್ಯಾಕ್ಟರ್ ಓಡಿಸಿದ ಕಾಲು. ತುಳಿದದ್ದು ಅವರಿಗೇ ಗೊತ್ತಾಗಲಿಲ್ಲ.

ದಯಾನಂದನಿಗೆ ಅಳು ಬರುವಷ್ಟು ಹಗುರವಾಯಿತು. ತನ್ನ ಬಾಕ್ಸು ಸರಿಯಾಗಿದೆ. ಆದರೆ ಹೇಳುವುದು ಹೇಗೆ? ಊರಿನ ಅರ್ಧ ಜನಕ್ಕೆ ಟ್ರ್ಯಾಕ್ಟರ್ ಕಲಿಸಿದವರು ಇವರು. ಅವನಿಗೂ ಕಲಿಸಿದವರು. ಗ್ಯಾರೇಜಿನ ಮುಂದೆ ಕರಿಬಸವಯ್ಯ, ರಾಮಕ್ಕ ಕಾಯುತ್ತಾ ನಿಂತಿದ್ದಾರೆ. ನಿಮಗೆ ಓಡಿಸಲು ಬರುವುದಿಲ್ಲ ಎನ್ನಲು ಅವನ ನಾಲಿಗೆ ಏಳಲಿಲ್ಲ.

"ಯಜಮಾನ್ರೇ, ಬಾಕ್ಸು ಹೊಸದಾಗಿ ಕೂಡಿಸಿರೋದು, ಇನ್ನೂ ಪಳಗಬೇಕು," ಎಂದ ಮೆಲ್ಲಗೆ. "ಅಲ್ಲೀಗಂಟ ಎಡಗಡೆ ಭಾರ ಬೀಳಬಾರ್ದು. ಎಡಗಾಲು ಮಡಚಿ ಸೀಟಿನ ಮೇಲೆ ಇಟ್ಕಂಡು ಓಡಿಸಿ."

ನಂಜುಂಡಪ್ಪನವರು ಪಂಕ್ತಿಯಲ್ಲಿ ಊಟಕ್ಕೆ ಕೂರುವವರಂತೆ ಎಡಗಾಲು ಮಡಚಿಕೊಂಡರು. ಕಾರು ಕೆರೆ ಏರಿ ದಾಟಿ, ತೋಟಗಳನ್ನೆಲ್ಲ ಸುತ್ತಿ ಬಂದರೂ ಒಮ್ಮೆಯೂ ಮುಗ್ಗರಿಸಲಿಲ್ಲ. ಗೆದ್ದೆ ಕಣ್ಲಾ ಎಂದು ಅವನ ಬೆನ್ನು ತಟ್ಟಿ, ಹಾಗೇ ಕಾಲು ಮಡಚಿಕೊಂಡು ಮಾರುಕಟ್ಟೆಯ ಕಡೆ ಹೊರಟರು. ದಯಾನಂದ ಕೈ ತೊಳೆದು, ಆರಿದ ಮುದ್ದೆಯನ್ನು ಹಬ್ಬದೂಟದ ಹಾಗೆ ಉಂಡ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಗಾಡಿ ಚಿನ್ನದಂಗೆ ಹೋಗ್ತದೆ ಎಂದು ನಂಜುಂಡಪ್ಪನವರು ಮೊದಲು ಹೊಗಳಿದರು. ಆಮೇಲೆ ವಿಷಯಕ್ಕೆ ಬಂದರು. ಮಾರುಕಟ್ಟೆಯಲ್ಲಿ ಎಲ್ಲರೂ ಯಾಕೆ ಹಿಂಗೆ ಕೂತಿದೀರಾ ಅಂತ ಕೇಳಿದರಂತೆ. ದಯಾನಂದ ಮಾಡಿದ ಬಾಕ್ಸು ಕಾಲು ಮಡಚಿದರೆ ಮಾತ್ರ ಓಡೋದು ಎಂದು ಇವರು ಇದ್ದದ್ದನ್ನೇ ಹೇಳಿದರಂತೆ. ತನ್ನ ಕಾರನ್ನೂ ದಯಾನಂದನ ಹತ್ತಿರ ರಿಪೇರಿಗೆ ಬಿಡಬೇಕೆಂದಿದ್ದ ಕೊಬ್ಬರಿ ಮಂಡಿಯ ಗಂಗಾಧರ್, ನಮ್ಮನೆಯವಳು ಸೀರೆ ಉಟ್ಟು ಓಡಿಸೋಳು, ಬೇಡಪ್ಪ ಅಂದನಂತೆ.

"ಎರಡು ಕಾಲೂ ಇಳಿಬಿಟ್ಕಂಡು ಓಡೋ ಹಂಗೆ ತುಮಕೂರಲ್ಲಿ ಮಾಡ್ಕೊಡ್ತಾರಂತೆ ಕಣ್ಲಾ. ಬೆಳಿಗ್ಗೆ ಹೋಗಿ ಬತ್ತೀನಿ."

ದಯಾನಂದನ ಬಾಯಿಂದ ಕಡೆಗೂ ನಿಜ ಹೊರಬಿತ್ತು. "ಯಜಮಾನ್ರೇ, ತಪ್ಪು ಬಾಕ್ಸಿಂದಲ್ಲ. ನಿಮ್ಮ ಎಡಗಾಲಿಂದು."

ನಂಜುಂಡಪ್ಪನವರ ದನಿ ಮಕ್ಕಳಿಗೆ ಬುದ್ಧಿ ಹೇಳುವಷ್ಟು ಮೆತ್ತಗಾಯಿತು.

"ಕಲಿಯೋ ವಯಸ್ಸು ಕಣಪ್ಪ ನಿಂದು. ಕೆಲ್ಸ ಕೈಕೊಟ್ರೆ ಒಪ್ಕಬೇಕು. ದೊಡ್ಡೋರ ಕಾಲ ಮೇಲೆ ಹಾಕಬಾರ್ದು."